ಏಳಕ್ಕೆ ಸರಿಯಾಗಿ ಗುರ್ರ್...

ಅಮೆರಿಕದ ಯೊಸೆಮಿಟಿ ಉದ್ಯಾನಕ್ಕೆ ಜನ ಹೋಗುವುದು ಕಾಡಿನ ಮೌನ ಕೇಳಲು. ಕೆಲವರು ಮಾತ್ರ ಇಡೀ ಮನೆಯನ್ನೇ ಚಕ್ರದ ಮೇಲೆ ಕೂರಿಸಿಕೊಂಡು ಬರುತ್ತಾರೆ: ಟೀವಿ, ಮೈಕ್ರೋವೇವ್, ಏಸಿ. ಇಷ್ಟು ದೊಡ್ಡ ಸಂಸಾರ ಸಾಕಲು ಜನರೇಟರ್ ಬೇಡವೇ?

ಅದಕ್ಕೂ ನಿಯಮವಿದೆ. ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಹಾಕಬಹುದು, ಅದೂ ಮಿತವಾಗಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಲ್ಲರೂ ಗಪ್‌ಚುಪ್. 50 ಅಡಿ ದೂರದಲ್ಲಿ ಅಳೆದರೆ ಯಂತ್ರದ ಸದ್ದು 60 ಡೆಸಿಬಲ್ ದಾಟಕೂಡದು. ಆದರೆ ಪಕ್ಕದ ಟೆಂಟಿನ ಬಡಪಾಯಿ 50 ಅಡಿ ಆಚೆ ಮಲಗಿರಬೇಕಲ್ಲ! ದೂರ ಅರ್ಧವಾದರೆ ಸದ್ದು ಸುಮಾರು 6 ಡೆಸಿಬಲ್ ಏರುತ್ತದೆ. ಭೌತಶಾಸ್ತ್ರಕ್ಕೆ ನೆರೆಹೊರೆಯ ದಾಕ್ಷಿಣ್ಯವಿಲ್ಲ.

ಇನ್ನು ‘ಮಿತವಾಗಿ’ ಎಂಬುದನ್ನು ಅಳೆಯುವ ಮೀಟರ್ ಎಲ್ಲಿದೆ? ಗಡಿಯಾರ ನೋಡುತ್ತಲೇ ಕೂತು ಏಳಕ್ಕೆ ಸರಿಯಾಗಿ ಜನರೇಟರಿನ ಹಗ್ಗ ಎಳೆಯುವ ಮಹಾನುಭಾವರಿದ್ದಾರೆ. ಕಾರಣ? ಕಾಫಿ ಯಂತ್ರಕ್ಕೆ ಕರೆಂಟು!

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಹೋಗುವ ನಮ್ಮ ಕನ್ನಡಿಗರ ಕಾಫಿ ಫಿಲ್ಟರಿಗೆ ಈ ರಗಳೆಯೇ ಇಲ್ಲ. ಡಿಕಾಕ್ಷನ್ ತನ್ನ ಪಾಡಿಗೆ ಇಳಿಯುತ್ತದೆ, ಕರೆಂಟೂ ಬೇಡ, ಡೆಸಿಬಲ್ಲೂ ಇಲ್ಲ. ಕಾಫಿ ಹೀರಿದ ಮೇಲೆ ಶುರುವಾಗುವ ಹರಟೆ ಎಷ್ಟು ಡೆಸಿಬಲ್ಲೋ, ಅದನ್ನು ಪಕ್ಕದ ಟೆಂಟಿನವರನ್ನೇ ಕೇಳಬೇಕು.