ಹಾವು, ಕೋಣ ಮತ್ತು ನಾನು

ಮೂರು ದಿನದ ಶಿಕ್ಷಕರ ತರಬೇತಿ ಮುಗಿಸಿ ಅಂಕೋಲೆಯ ಮನೆಗೆ ಬಂದವನೇ ಪ್ರಮಾಣಪತ್ರವನ್ನು ಟಿವಿ ಪಕ್ಕ ಎದ್ದು ಕಾಣುವ ಹಾಗೆ ನಿಲ್ಲಿಸಿದೆ. ಹೆಂಡತಿಗೆ ಕಾಣಲಿಲ್ಲ. ಕೆಮ್ಮಿದೆ. "ಕಷಾಯ ಮಾಡ್ಲಾ?" ಅಂದಳು.

ಇನ್ನು ಬಾಯಿಬಿಟ್ಟೇ ಹೇಳಬೇಕಾಯಿತು. "ಬಹುಸಾಂಸ್ಕೃತಿಕ ಶಿಕ್ಷಣ ಅಂತ. ಮಗುವಿನ ಮನೆಯ ಮಾತು, ಹಾಡು, ಊಟ ಎಲ್ಲಾ ಪಾಠದೊಳಗೆ ಬರಬೇಕು. ಜಿನೀವಾ ಗೇ ಅಂತ ಅಮೆರಿಕದ ವಿದುಷಿ, 2000ನೇ ಇಸವಿಯಲ್ಲೇ ಇದರ ಮೇಲೆ ಪುಸ್ತಕ ಬರೆದಾರೆ. ನಮ್ಮ 2020ರ ಶಿಕ್ಷಣ ನೀತಿನೂ ಸಾಧ್ಯವಾದ ಕಡೆ ಐದನೇ ಕ್ಲಾಸಿನ ತನಕ ಮನೆಮಾತಲ್ಲೇ ಕಲಿಸ್ರಿ ಅಂತದ."

"ಹೌದಾ? ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು. ನಮ್ಮ ಮನೆಮಾತಲ್ಲಿ ಒಂದ್ ಲೋಟ ನೀರು ಕೇಳಿ ನೋಡ್ವಾ."

ನನಗೆ ಬಾಯಾರಿಕೆಯೇ ಹೋಯಿತು.

ನಾನು ಗದಗ ಕಡೆಯವನು, ಇವಳು ಕಾರವಾರದ ಕೊಂಕಣಿಯವಳು. ನಿಮ್ಮ ಮನೆಯಲ್ಲೂ ಒಂದೇ ಭಾಷೆ ಆಡಿಕೊಂಡೇ ಒಬ್ಬರಿಗೊಬ್ಬರು ಅರ್ಥವಾಗದೆ ಸಂಸಾರ ಸಾಗಿರುತ್ತದೆ. ನಮ್ಮಲ್ಲಿ ಎರಡು ಭಾಷೆ, ಅಷ್ಟೇ ವ್ಯತ್ಯಾಸ. ಹೆಣ್ಣು ನೋಡಲು ಹೋಗಿ ಬಾಗಿಲು ಬಡಿದಾಗ ಒಳಗಿನಿಂದ ಭಾವೀ ಅತ್ತೆ ನನಗೆ ಆಡಿದ ಮೊದಲ ಮಾತು "ಕೋಣ್?" ಅಂತ. ಮುಖ ನೋಡುವ ಮೊದಲೇ ಹೇಗೆ ಗುರುತು ಹಿಡಿದರಪ್ಪಾ ಎಂದು ಬೆವೆತಿದ್ದೆ. 'ಯಾರು?' ಎಂದು ಕೇಳಿದ್ದರಂತೆ.

ಶಾಲೆಯ ಕತೆ ಇನ್ನೂ ಚೆಂದ. ನೌಕರಿಗೆ ಸೇರಿದ ಮೊದಲ ವಾರ, "ಬೋರ್ಡು ಯಾರು ಒರೆಸ್ತೀರಿ?" ಅಂದೆ. ಹಿಂದಿನ ಸಾಲಿನ ಹುಡುಗಿ ಕೈ ಎತ್ತಿ "ಹಾಂವ್! ಹಾಂವ್!" ಎಂದು ಕೂಗಿದಳು. ನಾನು ಮೇಜಿನ ಮೇಲಿದ್ದೆ. ಹತ್ತಿದ್ದು ಯಾವಾಗ ಎಂಬುದು ನನಗೂ ಗೊತ್ತಿಲ್ಲ. ಕೊಂಕಣಿಯಲ್ಲಿ ಹಾಂವ್ ಎಂದರೆ 'ನಾನು' ಎಂದು ಅಕ್ಕೋರೊಬ್ಬರು ಬಂದು ತಿಳಿಸಿ ಹೇಳಿ ನನ್ನನ್ನು ಇಳಿಸಿದರು. ಮರುದಿನ ಒಬ್ಬ ಹುಡುಗನಿಗೆ "ಬರೆ" ಅಂದೆ. "ಬರೆಂ" ಎಂದು ತಲೆಯಾಡಿಸಿ ನಗುತ್ತ ಕೂತ. ಮತ್ತೆ ಗದರಿದೆ, ಮತ್ತೆ "ಬರೆಂ" ಅಂದ. ಪಾಪ, ಅವನು 'ಆಯ್ತು' ಎಂದು ಒಪ್ಪುತ್ತಲೇ ಇದ್ದ. ಅವತ್ತು ಅವನಿಗೆ ಮೊಂಡ ಎಂಬ ಹೆಸರಿಟ್ಟವನು ನಾನೇ.

ಮೀನುಗಾರರ ಮಕ್ಕಳಿಗೆ ಮೀನಿನ ಪಾಠ ಮಾಡುವ ಧೈರ್ಯವೂ ನನ್ನದೇ. ಕರಿಹಲಗೆ ಮೇಲೆ ಗದಗಿನ ಕೆರೆಯ ನೆನಪಿನಲ್ಲಿ ಒಂದು ಮೀನು ಬರೆದೆ. "ಯಾವ ಮೀನು, ಸರ್?" "ಮೀನಂದ್ರ ಮೀನು!" "ಬಂಗಡೆನಾ, ತಾರ್ಲೆನಾ?" ಹರಿಕಂತರ ಹುಡುಗನೊಬ್ಬ ಎದ್ದು ಬಂದು, ಮಾರ್ಕೆಟ್ಟಿನಲ್ಲಿ ನೋಡುವಂತೆ ಬಗ್ಗಿ ನೋಡಿ, "ಕಿವಿರೇ ಇಲ್ಲ ಸರ್. ತಾಜಾನೋ ಅಲ್ವೋ ಹೇಗೆ ಗೊತ್ತಾಗೂದು?" ಅಂದ.

ಅವನನ್ನು ಜೊತೆಗೆ ಕರೆದುಕೊಂಡು ಹೋಗಿದ್ದರೆ ಕಾರವಾರದಲ್ಲಿ ನನ್ನ ಮಾನ ಉಳಿಯುತ್ತಿತ್ತು. ಈ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಗೆ ಸೇರಿತ್ತಲ್ಲ, ಆ ಕಾಲದ ಉಳಿಕೆಯಾಗಿ ಕಾರವಾರದಲ್ಲಿದ್ದ ಮರಾಠಿ ಶಾಲೆಯಲ್ಲಿ ಕಲಿತವರು ನಮ್ಮತ್ತೆ. ಮಗಳು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದರೆ ತಾಯಿ ನಾಗರಿಯಲ್ಲಿ ಬರೆಯುತ್ತಾರೆ. ಒಮ್ಮೆ ಮೀನು ತರಲೆಂದು ಅತ್ತೆ ಕೊಟ್ಟ ಚೀಟಿಯಲ್ಲಿ 'ತಿಸರ್ಯೋ' ಎಂದಿತ್ತು. ನನ್ನ ಹಿಂದಿ ಪರೀಕ್ಷೆಯ ಪಾಂಡಿತ್ಯ ಜಾಗೃತವಾಗಿ, ಮೂರನೆಯದು ಎಂದು ಅರ್ಥ ಮಾಡಿಕೊಂಡು ಮೂರನೇ ಬುಟ್ಟಿಯಿಂದ ತಂದೆ. ಅವರು ಹೇಳಿದ್ದು ಚಿಪ್ಪಿನ ತಿಸರ್ಯೋ; ನಾನು ತಂದಿದ್ದು ಬಂಗಡೆ. ಅತ್ತೆ ಕಿವಿರು ಎತ್ತಿದರು. ಕೆಂಪಿರಬೇಕಾದದ್ದು ಚಹಾಪುಡಿಯ ಬಣ್ಣಕ್ಕಿತ್ತು. ಅವರು ಏನೂ ಅನ್ನಲಿಲ್ಲ. ಬೆಕ್ಕನ್ನು ಕರೆದರು.

ತರಬೇತಿಯ ಹುಮ್ಮಸ್ಸಿನಲ್ಲಿ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರನ್ನು ತರಗತಿಗೆ ಕರೆಸಿದೆ. ಇದು ಬಡಗೇರಿಯ ಸುಕ್ರಿ ಬೊಮ್ಮಗೌಡರ ಸೀಮೆ. ಅವರ ಹಾಡಿಗೆ 2017ರಲ್ಲಿ ಪದ್ಮಶ್ರೀ ಬಂದಿತ್ತು ಎಂದು ನಾನೇ ಹತ್ತು ನಿಮಿಷ ಭಾಷಣ ಬಿಗಿದೆ. ಅಜ್ಜಿ ಕರಿಮಣಿ ಸರಗಳನ್ನು ಸರಿಮಾಡಿಕೊಂಡು ಕಾಯ್ದು ಕಾಯ್ದು, ಕೊನೆಗೆ ಹಾಡಿದರು. ನಾನು ಇಷ್ಟು ವರ್ಷ ಕೆಂಪು ಶಾಯಿಯಲ್ಲಿ ತಿದ್ದಿದ್ದ ಮಕ್ಕಳ ಮಾತುಗಳೆಲ್ಲ ಆ ಹಾಡಿನಲ್ಲಿ ಒಂದೊಂದಾಗಿ ಬಂದವು. ಮಕ್ಕಳು ನನ್ನ ಕಡೆಗೇ ನೋಡುತ್ತಿದ್ದರು. ಹಾಡು ಮುಗಿದ ಮೇಲೆ ಅಜ್ಜಿ, "ಮಾಸ್ತರ್ರೇ, ನಿಮ್ಮೂರ ಹಾಡೊಂದು ಹೇಳಿ" ಅಂದರು. ಗದಗ ಎಂದರೆ ಭೀಮಸೇನ ಜೋಶಿಯವರ ಊರು, ಬಿಡುವುದುಂಟೇ? ಬಾಯಿ ತೆರೆದೆ. ಪಕ್ಕದ ತರಗತಿಯವರು ಏನಾಯಿತೆಂದು ಓಡಿ ಬಂದರು.

ಆದರೂ ಛಲ ಬಿಡಲಿಲ್ಲ. ಗದಗಿನಿಂದ ನನ್ನ ಅವ್ವ ಬಂದಿದ್ದಳು. ರವಿವಾರ ಎಲ್ಲರೂ ಕಾರವಾರಕ್ಕೆ ಹೋದೆವು. ಅವ್ವ ಜಗಲಿಯಲ್ಲಿ ಕೂರದೆ ಒಳಗಿನ ಮಂಚದ ಮೇಲೆ ಕಾಲು ಚಾಚಿದ್ದಳು. ನಾನು ಈ ಸಲ ತಿಸರ್ಯೋ ಎಂದರೆ ತಿಸರ್ಯೋನೇ ತಂದು, ಗೆದ್ದ ಉಮೇದಿನಲ್ಲಿ ಬಾಗಿಲು ಬಡಿದೆ.

"ಕೋಣ್?" ಅತ್ತೆ ಅಡುಗೆಮನೆಯಿಂದ ಕೂಗಿದರು.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಎದೆಯುಬ್ಬಿಸಿ, ಇಡೀ ಕೇರಿಗೆ ಕೇಳುವಂತೆ ಅಂದೆ: "ಹಾಂವ್!"

ಒಳಗೆ ಏನೋ ಧಡಾರನೆ ಬಿತ್ತು. ಬಾಗಿಲು ತೆರೆದಾಗ ಅವ್ವ ಮಂಚದ ಮೇಲೆ ಸೀರೆ ಎತ್ತಿಕಟ್ಟಿ, ಕೈಯಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು. "ಯವ್ವಾ! ಕೋಣ ಅಂತಾರ, ಹಾವು ಅಂತಾರ, ಇದೇನ್ ಮನಿಯೋ ಅಡವಿಯೋ!"

ಅತ್ತೆ ಓಡಿ ಬಂದು ಅವಳ ಬೆನ್ನು ಸವರಿ, "ಬರೆಂ, ಬರೆಂ" ಎಂದು ಸಮಾಧಾನ ಮಾಡಿದರು.

ಅವ್ವ ನನ್ನತ್ತ ತಿರುಗಿದಳು. "ನಾ ಸಾಲೀಗೇ ಹೋಗಿಲ್ಲ, ಏನ್ ಬರೀಲೋ?"