ಸಿಸ್ಟರ್, ನಾನೂ ಯುದ್ಧಕ್ಕೆ ಹೋಗಿದ್ದೆ!

ರಕ್ತ ಕಂಡರೆ ತಲೆ ತಿರುಗುವವರು ಯುದ್ಧಕಾಲದ ನರ್ಸ್‌ಗಳ ಕಾದಂಬರಿ ಓದಕೂಡದು ಅಂತ ಪುಸ್ತಕದ ಬೆನ್ನಿಗೆ ಅಚ್ಚು ಹಾಕಿಸಬಾರದೇ? ಬೀಟ್‌ರೂಟ್ ಹೆಚ್ಚುವುದನ್ನು ಕಂಡರೂ ಗೋಡೆ ಹಿಡಿದುಕೊಳ್ಳುವ ಆಸಾಮಿ ನಾನು. ನಿಮ್ಮಲ್ಲೂ ಇಂಥವರಿದ್ದೀರಿ, ಸುಮ್ಮನೆ ಆ ಕಡೆ ನೋಡಬೇಡಿ. ಥಾಮಸ್ ಕೆನೀಲಿಯ ‘ದಿ ಡಾಟರ್ಸ್ ಆಫ್ ಮಾರ್ಸ್’ನಲ್ಲಿ 1915ರ ಗ್ಯಾಲಿಪೊಲಿಯಿಂದ ಗಾಯಾಳುಗಳು ಆಸ್ಪತ್ರೆ ಹಡಗಿಗೆ ಬರತೊಡಗಿದಾಗ, ಆಸ್ಟ್ರೇಲಿಯಾದ ನರ್ಸ್ ಅಕ್ಕತಂಗಿಯರಿಬ್ಬರು ಕೆಲಸಕ್ಕೆ ನಿಂತೇಬಿಟ್ಟರು. ನಾನು ಮಾತ್ರ ಮಲಗಿದಲ್ಲೇ ಬೆವತು, ಹೆಂಡತಿಯ ಕೈಲಿ ನಿಂಬೆಹಣ್ಣಿನ ಪಾನಕ ಮಾಡಿಸಿ ಕುಡಿದು, ಆಮೇಲೆ ಪುಟ ತಿರುವಿದೆ.

ಓದಿ ತೆಪ್ಪಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಯಾನ್ ಮೆಕ್‌ಯೂವನ್‌ನ ‘ಅಟೋನ್‌ಮೆಂಟ್’ ಸಿಕ್ಕಿತು. ಅದರ ಬ್ರಯೊನಿ 1940ರ ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುವ ಹುಡುಗಿ. ಬೆಡ್‌ಪ್ಯಾನ್ ತೊಳೆದು ತೊಳೆದು ಸುಸ್ತಾಗುತ್ತಾಳೆ. ಆ ಆಸ್ಪತ್ರೆಯ ಶಿಸ್ತು ನಮ್ಮ ಮನೆಗೂ ಬರಲಿ ಅಂತ ಚಾದರದ ಅಂಚನ್ನೆಲ್ಲ ಹಾಸಿಗೆಯಡಿ ಬಿಗಿದೆ. ರಾತ್ರಿ ಹೇಗೋ ಒಳಗೆ ತೂರಿಕೊಂಡೆ, ಸರಿ. ನಡುರಾತ್ರಿ ಅವಸರವಾದಾಗ ಹೊರಬರುವ ದಾರಿ ಸಿಗಬೇಕಲ್ಲ! ಹೆಂಡತಿ ದೀಪ ಹಾಕಿ, ನಕ್ಕು ಮುಗಿಸಿ, ಆಮೇಲೆ ಬಿಡಿಸಿದಳು.

ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಆಮೇಲೆ ಔಷಧ ಬೆರೆಸುತ್ತ ವಿಷಗಳ ಮರ್ಮವನ್ನೆಲ್ಲ ಕಲಿತಳು. ಇದನ್ನು ಹೆಮ್ಮೆಯಿಂದ ಹೆಂಡತಿಗೆ ಹೇಳಿದೆ. ಅವತ್ತಿನಿಂದ ನಾನು ಮಾಡಿದ ಕಾಫಿಯನ್ನು ಆಕೆ ಮುಟ್ಟುತ್ತಿಲ್ಲ.

ಅದೇ ಯುದ್ಧದಲ್ಲಿ ತೊಡೆಮೂಳೆ ಮುರಿದ ಎಷ್ಟೋ ಸೈನಿಕರನ್ನು ಉಳಿಸಿದ್ದು ಥಾಮಸ್ ಸ್ಪ್ಲಿಂಟ್. ಕಾಲಿನುದ್ದಕ್ಕೂ ಲೋಹದ ಚೌಕಟ್ಟು ಕಟ್ಟಿ, ಕಾಲನ್ನು ಎಳೆದು ಹಿಡಿದು, ಮುರಿದ ಮೂಳೆ ಅಲುಗದಂತೆ ಮಾಡುವ ಉಪಾಯ. ನನ್ನ ಗ್ರಹಚಾರಕ್ಕೆ ಭಾವಮೈದ ಅದೇ ವಾರ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡ. ಲೋಹದ ಚೌಕಟ್ಟಿಗೆ ಎಲ್ಲಿಗೆ ಹೋಗಲಿ? ಬಟನ್ ಛತ್ರಿಯಿತ್ತು. ಎರಡು ಪಂಚೆ ಹರಿದು, ಸೊಂಟದಿಂದ ಪಾದದವರೆಗೆ ಬಿಗಿದು, ಆಟೋ ಹತ್ತಿಸಿದೆ. ಮೊದಲ ಹಂಪ್‌ನಲ್ಲೇ ಬಟನ್ ಒತ್ತಿಕೊಂಡಿತು. ಛತ್ರಿ ಫಟ್ಟನೆ ಬಿಚ್ಚಿಕೊಂಡು ಭಾವಮೈದ ಒಂದು ಮೂಲೆಗೆ, ನಾನು ಇನ್ನೊಂದು ಮೂಲೆಗೆ, ನನ್ನ ಕನ್ನಡಕ ರಸ್ತೆಗೆ! ಡಾಕ್ಟರು ಇಬ್ಬರನ್ನೂ ನೋಡಿ, “ಹೊರಗೆ ಮಳೆಯೇನ್ರೀ?” ಅಂದರು. ಉಳುಕು ಎರಡು ದಿನಕ್ಕೆ ಹೋಯಿತು. ಹಣೆಯ ಬುಗುಟು, ನನ್ನದು, ಹಬ್ಬದವರೆಗೂ ಇತ್ತು.

ಕೊನೆಗೆ ಡಾಕ್ಟರು ನನಗೇ ರಕ್ತಪರೀಕ್ಷೆ ಬರೆದುಕೊಟ್ಟರು. ಧೈರ್ಯಕ್ಕಿರಲಿ ಅಂತ ‘ಅಟೋನ್‌ಮೆಂಟ್’ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಯುದ್ಧದಲ್ಲಿ ಗಾಯಾಳುಗಳು ಒಟ್ಟಿಗೇ ಬಂದು ಬಿದ್ದಾಗ, ಯಾರನ್ನು ಈಗಲೇ ನೋಡಬೇಕು, ಯಾರು ಕಾಯಬಹುದು ಅಂತ ವಿಂಗಡಿಸುತ್ತಾರಷ್ಟೆ. ನಾನೂ ಲ್ಯಾಬಿನ ಬೆಂಚಿನಲ್ಲಿ ಅದನ್ನೇ ಮಾಡಿದೆ. “ನೀವು ಮೊದಲು ಹೋಗಿ ಅಜ್ಜಿ”, “ನೀನು ಹೋಗಮ್ಮ ಪುಟ್ಟಿ” ಅಂತ ಎಲ್ಲರನ್ನೂ ಒಳಗೆ ಕಳಿಸಿದೆ. ಪುಟ್ಟಿ ರಕ್ತ ಕೊಟ್ಟು, ಚಾಕಲೇಟ್ ಚೀಪುತ್ತ ಹೊರಬಂದು, “ಅಂಕಲ್, ಏನೂ ಆಗಲ್ಲ” ಅಂತ ಬೆನ್ನು ತಟ್ಟಿ ಹೋದಳು. ಬೆಂಚು ಖಾಲಿಯಾಯಿತು.

ಸಿಸ್ಟರ್ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ್ದು ನೆನಪಿದೆ. ಸ್ಪಿರಿಟ್ ವಾಸನೆ ಬಂದದ್ದೂ ನೆನಪಿದೆ. ಕಣ್ಣು ಬಿಟ್ಟಾಗ ಮಂಚದ ಮೇಲಿದ್ದೆ, ಕಾಲ ಕೆಳಗೆ ಎರಡು ದಿಂಬು. ಸೂಜಿ ಇನ್ನೂ ಕವರಿನಲ್ಲೇ ಇತ್ತು. ಪಕ್ಕದ ಸ್ಟೂಲಿನಲ್ಲಿ ಸಿಸ್ಟರ್ ನನ್ನ ಪುಸ್ತಕದಲ್ಲಿ ಮುಳುಗಿದ್ದರು. ಏಳಲು ನೋಡಿದೆ. ಅವರು ತಲೆಯೆತ್ತಲಿಲ್ಲ.

“ಮಲಗಿರಿ ಸಾರ್, ಇಲ್ಲಿ ಡನ್‌ಕರ್ಕ್‌ನಿಂದ ಗಾಯಾಳುಗಳು ಬರ್ತಾ ಇದ್ದಾರೆ. ನೀವು ಕಾಯಬಹುದು.”