ದೊಡ್ಡವರ ಮುಂದ ಬಾಯಿ ಮಾಡಬ್ಯಾಡ

ಈಗಿನ ಹುಡುಗರಿಗೆ ಹಿರಿಯರೆಂದರೆ ಕಿಮ್ಮತ್ತೇ ಇಲ್ಲ. ಬೈಲಹೊಂಗಲದ ಬಸ್ ಸ್ಟ್ಯಾಂಡಿನಿಂದ ರಾಮದುರ್ಗದ ಸಂತೆಯವರೆಗೆ ಯಾವ ಕಟ್ಟೆಯ ಮೇಲೆ ಕುಂತರೂ ಈ ಮಾತು ಪುಕ್ಕಟೆ ಸಿಗುತ್ತದೆ. ಮೊನ್ನೆ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಇದೇ ವಿಷಯದ ಮೇಲೆ ಅರ್ಧ ತಾಸು ಮಾತಾಡಿದರು. ನಡುನಡುವೆ ಚಹಾ ತರುವ ಹುಡುಗನಿಗೆ 'ಏ ಪೋರಾ, ಕಿವಿ ಕೇಳಸ್ತಾವೋ ಇಲ್ಲೋ' ಎನ್ನುವುದಕ್ಕೆ ಮಾತ್ರ ಉಪದೇಶಕ್ಕೆ ವಿರಾಮ ಕೊಟ್ಟರು. ಅವರ ಸಂಕಟ ಖರೆಯೇ ಇರಬಹುದು. ಆದರೆ ಮಕ್ಕಳು ಏನೂ ಕಲಿತಿಲ್ಲ ಎನ್ನುವ ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನಾವು ಕಲಿಸಿದ್ದನ್ನು ಒಂದಕ್ಷರ ಬಿಡದೆ ಕಲಿತಿದ್ದಾರೆ.

ಬೇಕಿದ್ದರೆ ಮಲಪ್ರಭೆಯ ಎಡಬಲದ ಯಾವ ಊರಿಗಾದರೂ ಹೋಗಿ, ಹೊಲಮನಿ ಗಟ್ಟಿ ಇದ್ದವರ ಪಡಸಾಲೆಯಲ್ಲಿ ಹತ್ತು ನಿಮಿಷ ಕುಳಿತು ನೋಡಿ. ಬ್ಯಾಂಕಿನ ಮ್ಯಾನೇಜರು ಬರುತ್ತಾರೆ. ಆರು ವರ್ಷದ ಕೂಸಿನ ಹೆಗಲ ಮೇಲೆ ತಾಯಿಯ ಕೈ ಬೀಳುತ್ತದೆ: 'ಸರ್‌ಗ ನಮಸ್ಕಾರ ಮಾಡು.' ಕೂಸು ಕೈ ಜೋಡಿಸಿ 'ನಮಸ್ಕಾರ್ರಿ ಸರ' ಎನ್ನುತ್ತದೆ. 'ಭಾಳ ಶಾಣ್ಯಾ ಅದಾನ್ರೀ' ಎಂದು ಮ್ಯಾನೇಜರು ಮೆಚ್ಚುತ್ತಾರೆ. ಅವರ ಬೆನ್ನಿಗೇ ಗೋವಿನಜೋಳದ ಚೀಲ ಹೊತ್ತುಕೊಂಡು ಅರವತ್ತು ದಾಟಿದ ಆಳು ಒಳಗೆ ಬರುತ್ತಾನೆ. ಅದೇ ಕೂಸು, ಅದೇ ಬಾಯಿ: 'ಲೇ, ನನ್ನ ಸೈಕಲ್ ಎಲ್ಲಿ ಇಟ್ಟಿ?' ಈಗ ತಾಯಿಯ ಕೈ ಹೆಗಲ ಮೇಲೆ ಬೀಳುವುದಿಲ್ಲ. ಚೀಲದ ಕೆಳಗಿನಿಂದ ಉತ್ತರ ಬರುತ್ತದೆ: 'ಗ್ವಾದಲಿ ಕಡೆ ಐತ್ರೀ, ಸಣ್ಣ ಗೌಡ್ರ.'

ಆ ಆಳಿಗೆ ಹೆತ್ತವರು ಇಟ್ಟ ಹೆಸರಿನ ತುದಿಗೆ ಒಂದು 'ಅಪ್ಪ' ಇತ್ತು. ರೇಷನ್ ಕಾರ್ಡಿನಲ್ಲಿ, ಆಧಾರದಲ್ಲಿ ಇವತ್ತಿಗೂ ಇದೆ. ಊರಿನ ಬಾಯಲ್ಲಿ ಮಾತ್ರ ಅದು ಸವೆದು ಸವೆದು 'ಯಾ' ಆಗಿದೆ. ಅವನ ಅಪ್ಪನ ಹೆಸರಿಗೂ ಇದೇ ಗತಿ ಆಗಿತ್ತು. ಚುನಾವಣೆ ಬಂದಾಗ ಹದಿನೈದು ದಿವಸದ ಮಟ್ಟಿಗೆ ಆ 'ಅಪ್ಪ' ಮರಳಿ ಬರುತ್ತಾನೆ, ಜೊತೆಗೆ ಒಂದು 'ಅವರು' ಕೂಡ ಬರುತ್ತದೆ. ಎಣಿಕೆ ಮುಗಿದ ದಿನ ಸಂಜೆ ಇಬ್ಬರೂ ಕೂಡಿಯೇ ಊರು ಬಿಡುತ್ತಾರೆ.

ಆದ್ದರಿಂದ 'ವಯಸ್ಸಿಗೆ ಮರ್ಯಾದೆ ಕೊಡು' ಎಂದು ನಾವು ಹೇಳುವುದನ್ನು ಮಕ್ಕಳು ನಂಬುವುದಿಲ್ಲ. ನಂಬಬೇಕಾದ್ದೂ ಇಲ್ಲ. ಬಂದವರ ಕಾಲಲ್ಲಿ ಬೂಟು ಇದೆಯೋ ಹವಾಯಿ ಚಪ್ಪಲಿಯೋ, ಹೊರಗೆ ಕಾರು ನಿಂತಿದೆಯೋ ಸೈಕಲ್ಲೋ, ಅಡ್ಡಹೆಸರು ಯಾವುದು, ಕೂಡುವುದು ಕುರ್ಚಿಯ ಮೇಲೋ ಮೆಟ್ಟಿಲ ಮೇಲೋ ಎಂದೆಲ್ಲ ಆರು ವರ್ಷದ ಕೂಸು ಅರೆಗಳಿಗೆಯಲ್ಲಿ ತೂಗಿ, ಯಾರಿಗೆ 'ರೀ', ಯಾರಿಗೆ 'ಲೇ' ಎಂದು ತೀರ್ಪು ಕೊಡುತ್ತದೆ. ತಹಶೀಲ್ದಾರ ಕಚೇರಿಯಲ್ಲಿ ಕೂಡ ಕಾಗದ ಇಷ್ಟು ಬೇಗ ಮುಂದೆ ಹೋಗುವುದಿಲ್ಲ. ಇದೇ ತಕ್ಕಡಿಯನ್ನು ಮುರಿಯಲು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಾಳು ಸವೆಸಿದರು. ಅವರನ್ನು 2024ರ ಜನವರಿಯಲ್ಲಿ ಸರ್ಕಾರ ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದೆ. ಮೇಲೆ ಹೇಳಿದ ಪಡಸಾಲೆಯ ಗೋಡೆಯಲ್ಲೂ ಅವರ ಫೋಟೋ ಇದೆ, ಮುಂಜಾನೆ ಸಂಜೆ ಊದಿನಕಡ್ಡಿಯೂ ಉಂಟು. ಕೂಸಿನ 'ಲೇ' ಅವರ ಎದುರಿಗೇ ನಡೆಯಿತು.

ಇನ್ನು ಶಾಲೆ. ವಾರ್ಷಿಕ ಸಮಾರಂಭಕ್ಕೆ ನಮ್ಮ ಕಡೆ ಗ್ಯಾದರಿಂಗ್ ಎನ್ನುತ್ತಾರೆ. ಗ್ಯಾದರಿಂಗ್ ಅಂದಮೇಲೆ ಒಬ್ಬಳು ಚೆನ್ನಮ್ಮ ಇರಲೇಬೇಕು. ಐದನೆಯ ಇಯತ್ತೆಯ ಹುಡುಗಿ, ಅಜ್ಜಿಯ ಇಳಕಲ್ ಸೀರೆಯ ಕಚ್ಚೆ, ರಟ್ಟಿನ ಖಡ್ಗಕ್ಕೆ ಬೇಗಡೆ ಕಾಗದ. ಬಿ. ಸರೋಜಾದೇವಿಯವರು 1961ರ ಸಿನಿಮಾದಲ್ಲಿ ಗುಡುಗಿದ ಕಪ್ಪದ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿ, ರಟ್ಟಿನ ಟೊಪ್ಪಿಗೆಯ ಥ್ಯಾಕರೆ ಸಾಹೇಬನ ಮೂಗಿನ ತುದಿಗೆ ಖಡ್ಗ ಹಿಡಿಯುತ್ತಾಳೆ. ಚಪ್ಪಾಳೆಯೋ ಚಪ್ಪಾಳೆ. ಮುಖ್ಯ ಅತಿಥಿಗಳು ಕಣ್ಣು ಒರೆಸಿಕೊಂಡು ಐನೂರರ ನೋಟು ಕೊಡುತ್ತಾರೆ. ಆಮೇಲೆ ಭಾಷಣದ ಕೊನೆಗೆ ಹುರುಪಿನಿಂದ, 'ಏನರೆ ಕೇಳೂದಿದ್ರ ಕೇಳ್ರಿ ಮಕ್ಕಳ' ಎಂದೂ ಅಂದುಬಿಡುತ್ತಾರೆ. ಸೀರೆ ಇನ್ನೂ ಬಿಚ್ಚದ ಚೆನ್ನಮ್ಮ ಎದ್ದು ನಿಲ್ಲುತ್ತಾಳೆ: 'ಸರ, ಹ್ವಾದ ವರ್ಷ ನಮ್ಮ ಸಾಲಿಗಿ ಕಂಪೌಂಡ್ ಕಟ್ಟಸ್ತೀನಿ ಅಂದಿದ್ರಿ. ಇನ್ನೂ ಹಂದಿ ಒಳಗ ಬರ್ತಾವ್ರಿ.'

ವೇದಿಕೆಯ ಮೇಲಿನ ನಗೆ ನಿಂತುಹೋಗುತ್ತದೆ. ಬಾಯಿಯವರು ಓಡಿ ಬಂದು ತೋಳು ಹಿಡಿದು ಪಿಸುಗುಡುತ್ತಾರೆ: 'ದೊಡ್ಡವರ ಮುಂದ ಬಾಯಿ ಮಾಡಬ್ಯಾಡ. ಕುಂಡ್ರು.' ಹುಡುಗಿ 'ಸರ' ಅಂದಿದ್ದಳು, 'ಅಂದಿದ್ರಿ' ಅಂದಿದ್ದಳು, ಹಂದಿಯ ಸುದ್ದಿಗೂ ಒಂದು 'ರೀ' ಹಚ್ಚಿದ್ದಳು. ವಿನಯದಲ್ಲಿ ಏನು ಕಡಿಮೆ ಬಿತ್ತೆಂದು ಅವಳಿಗೆ ತಿಳಿಯುವುದಿಲ್ಲ. ಕಡಿಮೆ ಏನೂ ಬಿದ್ದಿರಲಿಲ್ಲ, ಪ್ರಶ್ನೆಯೊಂದು ಹೆಚ್ಚಾಗಿತ್ತು.

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ನೆಲಕ್ಕೆ ಬಿದ್ದ. ಆಗಿನ ಲೆಕ್ಕದಲ್ಲಿ ಅವನಿಗಿಂತ 'ದೊಡ್ಡವರು' ಈ ಸೀಮೆಯಲ್ಲಿ ಇರಲಿಲ್ಲ. ದತ್ತಕವನ್ನು ಒಪ್ಪುವುದಿಲ್ಲ ಎಂದು ಆ ದೊಡ್ಡವರು ಹೇಳಿದಾಗ ರಾಣಿ 'ಹೂನ್ರೀ ಸಾಹೇಬ್ರ' ಎಂದಿದ್ದರೆ ಪ್ರತಿ ವರ್ಷದ ಕಿತ್ತೂರು ಉತ್ಸವವೂ ಇಲ್ಲ, 2024ರಲ್ಲಿ ಇನ್ನೂರು ವರ್ಷದ ಸಂಭ್ರಮವೂ ಇಲ್ಲ. ಆಕೆ ಸೆರೆಯಲ್ಲೇ 1829ರಲ್ಲಿ ತೀರಿಕೊಂಡರು, ಸಮಾಧಿ ಬೈಲಹೊಂಗಲದಲ್ಲಿದೆ. ಆಕೆಯ ಬಂಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅದೇ ಸಂಸ್ಥಾನದಲ್ಲಿ ಮಲ್ಲಪ್ಪಶೆಟ್ಟಿ ಎಂಬವನೂ ಇದ್ದ. ಸಾಹೇಬರ ಮುಂದೆ ಎಷ್ಟು ಬಾಗಬೇಕು, ಯಾವಾಗ ತಲೆ ಅಲ್ಲಾಡಿಸಬೇಕು ಎಂಬುದೆಲ್ಲ ಗೊತ್ತಿದ್ದ ಮನುಷ್ಯ. ನಮ್ಮ ಮನೆಗಳಲ್ಲಿ ಈಗ ಕೊಡುತ್ತಿರುವ ಸಂಸ್ಕಾರದ ಪ್ರಕಾರ ನೋಡಿದರೆ ಕಿತ್ತೂರಿನಲ್ಲಿ ಅವನಷ್ಟು ಸುಸಂಸ್ಕೃತ ಮತ್ತೊಬ್ಬನಿರಲಿಲ್ಲ. ಅವನ ಹೆಸರು ಇವತ್ತು ಬೈಗುಳವಾಗಿ ಮಾತ್ರ ಬಳಕೆಯಲ್ಲಿದೆ.

ಹಿರಿಯರ ಮಾತು ಮೀರದ ಮಗ ಬೇಕು ಎನ್ನುವವರು ಸವದತ್ತಿಯ ಗುಡ್ಡ ಹತ್ತಿ ಬರಲಿ. ಅಲ್ಲಿಯ ಕತೆ ಎಲ್ಲರಿಗೂ ಗೊತ್ತು. ಜಮದಗ್ನಿ ಸಿಟ್ಟಿಗೆದ್ದು ತಾಯಿಯ ತಲೆ ಕಡಿಯಿರಿ ಎಂದ. ನಾಲ್ವರು ಮಕ್ಕಳು ಆಗುವುದಿಲ್ಲ ಎಂದು ಶಾಪ ಉಂಡರು. ಐದನೆಯವನು ಪರಶುರಾಮ, ತಂದೆಯ ಮಾತು ಮೀರದವನು, ಕೊಡಲಿ ಎತ್ತಿದ. ವರ ಬೇಡಿ ತಾಯಿಯನ್ನು ಮರಳಿ ಪಡೆದ ಎನ್ನುವುದೂ ಕತೆಯಲ್ಲಿದೆ, ಅಲ್ಲಗಳೆಯುವುದಿಲ್ಲ. ಆದರೆ ಆ ನಾಲ್ವರ ಹೆಸರು ಹೇಳಿ ಎಂದರೆ ಗುಡ್ಡಕ್ಕೆ ಬಂದವರು ಮುಖಮುಖ ನೋಡಿಕೊಳ್ಳುತ್ತಾರೆ. ತಾಯಿಯ ಮೇಲೆ ಕೈ ಎತ್ತಲಾರೆ ಎಂದವರಿಗೆ ನಮ್ಮಲ್ಲಿ ಗುಡಿ ಕಟ್ಟುವ ರೂಢಿ ಇಲ್ಲ.

ಬನದ ಹುಣ್ಣಿವಿಗೆ, ಭರತ ಹುಣ್ಣಿವಿಗೆ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬರುವ ಲಕ್ಷಾಂತರ ಜನ ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು 'ಉಧೋ ಉಧೋ' ಎನ್ನುತ್ತಾರೆ. ಕೊಡ ಹೊತ್ತು ಬಂದ ಜೋಗಪ್ಪನ ಕಾಲಿಗೆ ಆ ಮಕ್ಕಳನ್ನು ಬೀಳಿಸುತ್ತಾರೆ, ಭಂಡಾರ ಹಚ್ಚಿಸುತ್ತಾರೆ. ನಾಕು ದಿವಸದ ಮೇಲೆ ಅದೇ ಜೋಗಪ್ಪ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕೈ ಚಾಚಿದರೆ ಅದೇ ಮಕ್ಕಳು ಚಪ್ಪಾಳೆ ತಟ್ಟಿ ಅಣಕಿಸುತ್ತಾರೆ, ದೊಡ್ಡವರು ಬಾಯಿಗೆ ಟವೆಲ್ ಹಿಡಿದು ನಗುತ್ತಾರೆ. ಗೌರವಕ್ಕೂ ಊರ ಹದ್ದು ಇದೆ ಎಂದು ಮಕ್ಕಳು ಕಲಿಯುವುದು ಆ ದಿನ.

ರಾಮದುರ್ಗದವರು ಮಾತ್ರ ಪಾರಾದರು ಎಂದುಕೊಳ್ಳಬೇಡಿ. ರಾಜರ ಎದುರು ಬಾಯಿ ತೆರೆಯುವುದೇ ತಪ್ಪು ಎಂದಿದ್ದ ಸಂಸ್ಥಾನದಲ್ಲಿ 1939ರಲ್ಲಿ ಪ್ರಜೆಗಳು ತಿರುಗಿಬಿದ್ದ ಊರು ಅದು. ಆ ಊರಿನಲ್ಲೂ ಈಗ ಸನ್ಮಾನಕ್ಕೆ ಶಾಲು, ಫೇಟಾ ಸಾಲುವುದಿಲ್ಲ. ಅದೇ ತಾಲೂಕಿನ ಸುರೇಬಾನದ ಹತ್ತಿರ ಶಬರಿ ಕೊಳ್ಳವಿದೆ. ಮುದುಕಿಯೊಬ್ಬಳು ಹಣ್ಣನ್ನು ಕಚ್ಚಿ ರುಚಿ ನೋಡಿ ರಾಜಕುಮಾರನ ಕೈಗಿಟ್ಟಳು, ಅವನು ತಿಂದ. ನಮ್ಮ ಮನೆಯ ಕೂಸು ಅತಿಥಿಗೆ ಹಾಗೆ ಕೊಟ್ಟರೆ ಬೆನ್ನ ಮೇಲೆ ಬರೆ ಮೂಡುತ್ತದೆ.

ಬರೆಯ ಮಾತು ಬಂತು. ಮಕ್ಕಳಿಗೆ ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಹೇಳುತ್ತದೆ. 'ನಮ್ಮ ಮಾಸ್ತರು ಹೊಡೆದದ್ದಕ್ಕೇ ನಾವು ಹಾದಿಗೆ ಬಂದೇವಿ' ಎಂದು ನಾವು ಎದೆ ತಟ್ಟಿಕೊಳ್ಳುತ್ತೇವೆ. ಹಾದಿಗೆ ಬಂದವರು ಹೇಗಿರುತ್ತಾರೆ ಎಂದು ನೋಡಬೇಕಿದ್ದರೆ ಕಿತ್ತೂರಿನಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಬದಿಗೇ ಸುವರ್ಣಸೌಧ ಇದೆ. ಚಳಿಗಾಲದ ಅಧಿವೇಶನ ನೋಡಲು ಶಾಲೆಯ ಮಕ್ಕಳನ್ನು ಸಾಲು ಹಚ್ಚಿ ಕರೆದೊಯ್ಯುತ್ತಾರೆ. 'ಒಳಗ ಗದ್ದಲ ಮಾಡಬಾರದು' ಎಂದು ತಾಕೀತು ಮಾಡುತ್ತಾರೆ, ಮಕ್ಕಳಿಗೆ. 2024ರ ಡಿಸೆಂಬರಿನಲ್ಲಿ ಅಲ್ಲಿ ಪರಿಷತ್ತಿನ ಸದಸ್ಯರೊಬ್ಬರು ಸಚಿವೆಗೆ ಅವಾಚ್ಯ ಮಾತಾಡಿದರೆಂಬ ಆರೋಪ ಎದ್ದಿತು. ಅವರು ಇಲ್ಲವೆಂದರು. ಪೊಲೀಸರು ಅವರನ್ನು ಬಂಧಿಸುವ ತನಕ ಹೋಯಿತು. ಟೀವಿಯವರು ಬೀಪ್ ಹಾಕಿ ಆ ಸುದ್ದಿ ಹೇಳಿದರು. ಬೀಪಿನ ಕೆಳಗೆ ಏನಿದೆ ಎಂದು ಯಾವ ಮಗುವೂ ಹಿರಿಯರನ್ನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿದೆ. ವರ್ಷಕ್ಕೊಮ್ಮೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಮಕ್ಕಳ ಗ್ರಾಮಸಭೆ ನಡೆಸಬೇಕು, ಅಧಿಕಾರಿಗಳು ಬಂದು ಮಕ್ಕಳ ಪ್ರಶ್ನೆಗೆ ಉತ್ತರ ಕೊಡಬೇಕು ಎಂದಿದೆ. ಅಲ್ಲಿ ಮಕ್ಕಳು ಓದುವ ಚೀಟಿಯನ್ನು ಹಿಂದಿನ ದಿನವೇ ದೊಡ್ಡವರು ಬರೆದುಕೊಟ್ಟಿರುತ್ತಾರೆ: 'ಮಾನ್ಯ ಅಧ್ಯಕ್ಷರೇ, ಮಾನ್ಯ ಅಭಿವೃದ್ಧಿ ಅಧಿಕಾರಿಗಳೇ, ಮಾನ್ಯ ಸದಸ್ಯರೇ…' ಮಾನ್ಯರ ಪಟ್ಟಿ ಮುಗಿಯುವುದರೊಳಗೆ ಮಾನ್ಯರು ಮೊಬೈಲಿನಲ್ಲಿ ಇಳಿದಿರುತ್ತಾರೆ. ಪ್ರಶ್ನೆ ಬಂದಾಗ ತಲೆ ಎತ್ತಿ, 'ಗಮನಕ್ಕ ತಗೊಂಡೇವಿ, ಕುಂಡ್ರು ತಂಗಿ' ಎನ್ನುತ್ತಾರೆ. ಉಪ್ಪಿಟ್ಟು ಬರುತ್ತದೆ. ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಇನ್ನೊಂದು ಮಗು ಓದುತ್ತದೆ. ಇಷ್ಟಾದ ಮೇಲೂ ಆ ಮಗು 'ಮಾನ್ಯ' ಎನ್ನುತ್ತಿದೆ. ಮರ್ಯಾದೆ ಕಲಿಯದವರು ಯಾರು, ನೀವೇ ಹೇಳಿ.

ಓದುಗರಲ್ಲಿ ನನ್ನದೊಂದು ಅರ್ಜಿ ಇದೆ. ಈ ಸಲ ನಿಮ್ಮೂರಿನ ಮಕ್ಕಳ ಗ್ರಾಮಸಭೆ ಯಾವತ್ತೆಂದು ಪಂಚಾಯಿತಿಗೆ ಹೋಗಿ ಕೇಳಿ, ತಪ್ಪದೆ ಹೋಗಿ ಕುಂಡ್ರಿ. ಶಾಲೆಯ ಶೌಚಾಲಯಕ್ಕೆ ನೀರು ಯಾವಾಗ ಬರುತ್ತದೆ ಎಂದು ಮಗು ಕೇಳಿದಾಗ 'ಗಮನಕ್ಕ ತಗೊಂಡೇವಿ' ಎಂಬ ಉತ್ತರ ಬಂದರೆ ಎದ್ದು ನಿಂತು, ಮರ್ಯಾದೆಯಿಂದಲೇ, 'ತಾರೀಖು ಹೇಳ್ರೀ' ಎನ್ನಿ.